ಎವ್ದೊಕಿಯಾಳ ಪಕ್ಕೆಲುಬುಗಳು

ನಾನು ಗ್ರೀಸಿನ ಪಾರೋಸ್ ದ್ವೀಪದ ಲೆಫ್ಕೆಸ್ ಊರಿಗೆ ಸೊಸೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ, ಅಂಗಳದ ನಡುವೆ ಬಿದ್ದಿದ್ದ ಒಂದು ಬಿಳಿ ಕಲ್ಲಿನ ಮೇಲೆ ನನ್ನ ಅತ್ತೆ ಅಂಜೂರ ಒಣಹಾಕುತ್ತಿದ್ದರು. ಮಲಗಿದ ಕತ್ತೆಯಷ್ಟು ದೊಡ್ಡ ಕಲ್ಲು. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು, ಎಲ್ಲಿಯೂ ಅಂಚು ಎಂಬುದಿಲ್ಲ. ಮೇಲೆ ಅಂಗೈ ಇಟ್ಟರೆ ಕೈ ತಾನಾಗಿ ಜಾರಿಕೊಂಡು ಹೋಗಿ ತಗ್ಗಿನಲ್ಲಿ ನಿಲ್ಲುತ್ತಿತ್ತು. ಯಾವುದೋ ಹಳೆಯ ಗಾಣದ ಕಲ್ಲಿರಬೇಕು ಎಂದುಕೊಂಡು ನಾನು ಗಂಡ ತಂದ ಬಂಗುಡೆಗಳನ್ನು ಸೀಳಿ ಅದರ ಮೇಲೆಯೇ ಬಿಸಿಲಿಗೆ ಹರವಲು ಹೋದೆ.

"ಅತ್ತಿಗೆ, ಮೀನು ಬೇಡ," ಎಂದಿತು ಹಿಂದಿನಿಂದ ಒಂದು ದನಿ. "ಅಂಜೂರ ಆದ್ರೆ ತೊಳ್ಕೋಬಹುದು. ಮೀನಿನ ಎಣ್ಣೆ ಒಳಗೆ ಇಳಿದ್ರೆ ಕಲ್ಲು ಬಿಟ್ಟುಕೊಡಲ್ಲ."

ಅವಳು ನನ್ನ ನಾದಿನಿ ಮರೂಸೊ. ಮೈಯೆಲ್ಲ ಬಿಳಿ ಪುಡಿ, ತಲೆಗೆ ಅವಳಪ್ಪನ ಹಳೆಯ ಟೋಪಿ. ಆ ಕಲ್ಲನ್ನು ಅವಳೇ ವರ್ಷವಿಡೀ ಕೂತು ಕೆತ್ತಿದ್ದಳಂತೆ.

"ಇದೇನು?" ಎಂದು ಕೇಳಿದೆ.

"ಏನೂ ಅಲ್ಲ."

"ಏನೂ ಅಲ್ದೇ ಇರೋದಕ್ಕೆ ಒಂದು ವರ್ಷಾನಾ?"

ಅವಳು ನಕ್ಕಳು. "ಏನಾದ್ರೂ ಆಗಿದ್ದಿದ್ರೆ ಒಂದೇ ತಿಂಗಳಲ್ಲಿ ಮುಗೀತಿತ್ತು ಅತ್ತಿಗೆ."

ನನ್ನ ಮಾವ ಯಾಕುಮಿಸ್ ಕಲ್ಲುಕುಟಿಗರು. ಪಾರೋಸ್ ದ್ವೀಪದ ಅರ್ಧ ಸಮಾಧಿಗಳ ಮೇಲೆ ಅವರ ಶಿಲುಬೆಗಳಿವೆ. ಉಳಿಯನ್ನು ಮಗನ ಕೈಗೆ ಕೊಡಬೇಕೆಂದು ಅವರಿಗಿತ್ತು. ಮಗ ಅರ್ಗಿರಿಸ್, ಅಂದರೆ ನನ್ನ ಗಂಡ, ಮೀಸೆ ಮೂಡುವ ಮೊದಲೇ ಸೋದರಮಾವನ ದೋಣಿ ಹತ್ತಿ ಸಮುದ್ರಕ್ಕೆ ಓಡಿಹೋದ. ಅಪ್ಪ ಮಗನ ನಡುವೆ ಬಹಳ ವರ್ಷ ಮಾತಿರಲಿಲ್ಲ. ಅಪ್ಪನ ಪಕ್ಕದಲ್ಲಿ ಕೂತು ಉಳಿ ಹಿಡಿದವಳು ಕಿರಿಯಳಾದ ಮರೂಸೊ. ಅಥೆನ್ಸಿಗೆ ಹೋಗಿ ಶಿಲ್ಪ ಓದಿದಳು. ಕಲ್ಲಿನ ಧೂಳು ಅಪ್ಪನ ಎದೆಯನ್ನು ಹಿಡಿದಾಗ ಊರಿಗೆ ಮರಳಿ ಅಂಗಳದ ಬದಿಯ ಕಲ್ಲುಕೆತ್ತನೆಯ ಕಾರ್ಖಾನೆ ವಹಿಸಿಕೊಂಡಳು. ಅಪ್ಪ ತೀರಿಕೊಂಡ ಮೇಲೂ ಹೋಗಲಿಲ್ಲ. ಬೆಳಗ್ಗೆಯೆಲ್ಲ ಊರಿನವರಿಗೆ ಬೇಕಾದ ಶಿಲುಬೆ, ಬಾಗಿಲಿನ ಮೇಲ್ಗಲ್ಲು, ಕಿಟಕಿಯ ಹೂಬಳ್ಳಿ. ಮಧ್ಯಾಹ್ನದ ಮೇಲೆ ಅವಳಿಗೆ ಮಾತ್ರ ಬೇಕಾದದ್ದು.

ಅದು ಊರಿಗೆ ಒಂದು ತಮಾಷೆ. ಕಾಫಿ ಅಂಗಡಿಯ ದಪ್ಪ ಮನುಷ್ಯ ಮನೋಲಿಸ್ ಅವಳು ಮುಂದೆ ಹಾದುಹೋದಾಗಲೆಲ್ಲ ಕೂಗುತ್ತಿದ್ದ. "ಮರೂಸೊ, ನಾನು ಸತ್ರೆ ಒಂದು ಶಿಲುಬೆ ಇಡು ಮಾರಾಯ್ತಿ. ನಿನ್ನ ಆಲೂಗಡ್ಡೆ ಇಡ್ಬೇಡ."

"ಆಲೂಗಡ್ಡೆ ಇಟ್ರೆ ನಿನ್ನ ಗುರುತು ಹಿಡಿಯೋದು ಸುಲಭ ಕಣೋ!"

ಕಲ್ಲೊಂದಕ್ಕೇ ಅವಳು ಅಂಟಿಕೊಂಡಿರಲಿಲ್ಲ. ಒಂದು ಚಳಿಗಾಲ ಹಳೆಯ ವೈನ್ ಪೀಪಾಯಿಗಳ ಕಬ್ಬಿಣದ ಪಟ್ಟಿಗಳನ್ನು ಕಾಯಿಸಿ ಬಗ್ಗಿಸಿದಳು. ಇನ್ನೊಂದು ವರ್ಷ ಜೇನುಮೇಣ. ಆಮೇಲೆ ಸುಣ್ಣದ ಗಾರೆ, ಹೊಳೆಬದಿಯ ಬಿದಿರುಕಡ್ಡಿ, ಹರಿದ ಬಲೆ. ಒಂದನ್ನು ಸರಿಯಾಗಿ ಕಲಿಯುವಷ್ಟರಲ್ಲಿ ಇನ್ನೊಂದಕ್ಕೆ ಹಾರುವುದೇಕೆ ಎಂದು ನಾನೊಮ್ಮೆ ಕೇಳಿದೆ.

"ಕಲ್ಲಿಗೆ ಕ್ಷಮಿಸೋದೇ ಗೊತ್ತಿಲ್ಲ ಅತ್ತಿಗೆ. ಒಂದು ಏಟು ತಪ್ಪಿದ್ರೆ ಮುಗೀತು. ಮೇಣ ಎಲ್ಲಾನೂ ಕ್ಷಮಿಸಿಬಿಡುತ್ತೆ, ಅದಕ್ಕೇ ಅದ್ರ ಮೇಲೆ ನಂಬಿಕೆ ಬರಲ್ಲ. ಕಬ್ಬಿಣ ಬಿಸಿ ಇದ್ದಾಗ ಹೂಂ ಅನ್ನುತ್ತೆ, ತಣ್ಣಗಾದ ಮೇಲೆ ತನ್ನಿಷ್ಟ. ಒಂದೇ ಜನದ ಜೊತೆ ಬದುಕಿದ್ರೆ ಮನುಷ್ಯರು ಹೀಗೇನೇ ಅಂದ್ಕೋತೀವಲ್ಲ, ಹಾಗಾಗ್ಬಾರ್ದು ಅಂತ."

ಹೀಗೆ ಮಾತಾಡುತ್ತಿದ್ದಾಗ ನನ್ನ ಗಂಡ ಬಾಗಿಲಲ್ಲಿ ನಿಂತು, "ಅದೆಲ್ಲ ಸರಿ, ನಿನ್ನ ಕಲ್ಲು ಮೀನು ಹಿಡಿಯುತ್ತಾ?" ಎನ್ನುತ್ತಿದ್ದ. "ನಿನ್ನ ಬಲೆ ಹಿಡಿಯುತ್ತೇನೋ?" ಎಂದು ಅವಳು ತಿರುಗಿ ಚುಚ್ಚುತ್ತಿದ್ದಳು. ಮೊದಮೊದಲು ಅದು ನಗೆಚಾಟಿಕೆ. ವರ್ಷ ಕಳೆದ ಹಾಗೆ ಬಲೆ ನಿಜವಾಗಿಯೂ ಬರಿದಾಗಿ ಬರತೊಡಗಿದ ಮೇಲೆ ಅವಳು ಹಾಗೆ ಹೇಳುವುದನ್ನು ಬಿಟ್ಟಳು.

ಸೋದರಮಾವ ಬಿಟ್ಟುಹೋದ ದೋಣಿಗೆ ಅರ್ಗಿರಿಸ್ ತನ್ನ ತಾಯಿಯ ಹೆಸರಿಟ್ಟಿದ್ದ. ಬಿಳಿಯ ಮೈ, ನೀಲಿ ಅಂಚು, ಮೂಗಿನ ಎರಡೂ ಕಡೆ ಕೈಬರಹದಲ್ಲಿ 'ಎವ್ದೊಕಿಯಾ'. ಅತ್ತೆಗೆ ಅದರ ಜಂಬ ಅಷ್ಟಿಷ್ಟಲ್ಲ. "ದ್ವೀಪದಲ್ಲಿ ಇಬ್ಬರು ಎವ್ದೊಕಿಯಾ," ಎನ್ನುತ್ತಿದ್ದರು. "ಒಬ್ಬಳ ಹೊಟ್ಟೆ ತುಂಬಾ ಮೀನು, ಇನ್ನೊಬ್ಬಳ ಹೊಟ್ಟೆ ತುಂಬಾ ಸಿಟ್ಟು."

ಅರ್ಗಿರಿಸನ ಮಂಡಿಗಳು ಸವೆದವು. ಸಮುದ್ರದಲ್ಲೂ ಮೊದಲಿನಂತೆ ಮೀನಿರಲಿಲ್ಲ. ಆ ಹೊತ್ತಿಗೆ ಸರಕಾರದ ಯೋಜನೆಯೊಂದು ಬಂತು. ಮೀನು ಹಿಡಿಯುವ ಪರವಾನಗಿ ಬಿಟ್ಟುಕೊಟ್ಟವರಿಗೆ ಪರಿಹಾರ. ಆದರೆ ದೋಣಿಯನ್ನು ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಅಧಿಕಾರಿಯ ಕಣ್ಣೆದುರಿಗೆ ಒಡೆಯಬೇಕು. ಇಡೀ ಚಳಿಗಾಲ ನನ್ನ ಗಂಡ ಅದನ್ನೇ ಜಗಿದ. ವಸಂತ ಬರುವ ಹೊತ್ತಿಗೆ ಒಪ್ಪಿಕೊಂಡ.

"ನನಗೆ ಕೊಡು ಅಣ್ಣ," ಎಂದಳು ಮರೂಸೊ. "ಅಂಗಳದಲ್ಲಿ ನಿಲ್ಲಿಸ್ಕೋತೀನಿ. ನೀರಿಗೆ ಇಳಿಸಲ್ಲ ಅಂತ ಬರ್ಕೊಡ್ತೀನಿ."

"ಕೇಳಿದೀನಿ ಕಣೇ. ಆಗಲ್ಲ ಅಂದ್ರು. ಒಡೀಲೇಬೇಕಂತೆ."

ಪಿಸೋ ಲಿವಾಡಿ ಬಂದರಿನ ದಡಕ್ಕೆ ದೋಣಿಯನ್ನು ಎಳೆದು ಹಾಕಿದ ದಿನ ಬಿಸಿಲು ಚೆನ್ನಾಗಿತ್ತು. ಅತ್ತೆ ಬರಲೇಬೇಕೆಂದು ಹಠ ಹಿಡಿದಿದ್ದರು. ಹತ್ತಿರದ ಹೋಟೆಲಿನವನು ಅವರಿಗೊಂದು ಕುರ್ಚಿ ತಂದಿಟ್ಟ. ಜೆಸಿಬಿ ಓಡಿಸುವವನು ಪಕ್ಕದ ನಾಕ್ಸೋಸ್ ದ್ವೀಪದ ನಡುವಯಸ್ಸಿನ ಮನುಷ್ಯ. ಯಂತ್ರ ಹತ್ತುವ ಮೊದಲು ಟೋಪಿ ತೆಗೆದು, ಶಿಲುಬೆಯ ಗುರುತು ಹಾಕಿಕೊಂಡು, ಅರ್ಗಿರಿಸನ ಹತ್ತಿರ ಬಂದು, "ಮನಸ್ಸಿಗೆ ಹಚ್ಕೋಬೇಡಿ ಯಜಮಾನ್ರೇ, ನಂದೂ ಹೊಟ್ಟೆಪಾಡು," ಎಂದ. ನನ್ನ ಗಂಡ ತಲೆಯಾಡಿಸಿ, ದೋಣಿಗೆ ಬೆನ್ನುಹಾಕಿ ಸಮುದ್ರದ ಕಡೆ ತಿರುಗಿ ನಿಂತುಬಿಟ್ಟ.

ಕಬ್ಬಿಣದ ಕೈ ಮೊದಲು ಇಳಿದದ್ದು ದೋಣಿಯ ಕೋಣೆಯ ಚಾವಣಿಯ ಮೇಲೆ. ತೆಳ್ಳಗಿನ ಹಲಗೆಗಳು ಪಟಪಟನೆ ಮುರಿದವು. ಪಕ್ಕೆಗೆ ಬಿದ್ದಾಗ ಮಾತ್ರ ದೋಣಿ ಮುರಿಯಲಿಲ್ಲ, ಬಾಗಿತು. ಬಾಗಿ, ಮತ್ತೆ ನೆಟ್ಟಗಾಗಲು ನೋಡಿತು. ಅದರ ಒಳಗಿನಿಂದ ಬಂದ ದನಿ ನನಗೆ ಈಗಲೂ ಕೇಳುತ್ತದೆ. ಅದನ್ನು ಮರದ ದನಿ ಎನ್ನಲು ನಾಲಗೆ ಬರುವುದಿಲ್ಲ.

"ಅತ್ತೆ, ಆಚೆ ನೋಡಿ," ಎಂದೆ.

"ನನ್ನ ಹೆಸರು ಅದರ ಮೇಲಿದೆ," ಎಂದರು ಅತ್ತೆ, ಕಣ್ಣು ಕೀಳದೆ. "ನಾನೇ ನೋಡದೆ ಹೋದ್ರೆ ಇನ್ಯಾರು ನೋಡ್ಬೇಕು?"

ಅಧಿಕಾರಿ ಫೋಟೋ ತೆಗೆದುಕೊಂಡು ಹೊರಟುಹೋದ. ಮುರುಕಲುಗಳನ್ನು ಕಸದ ಗುಂಡಿಗೆ ಹಾಕುವುದೆಂದಾಗಿತ್ತು. ಆಗ ಮರೂಸೊ ಜೆಸಿಬಿಯವನ ಹತ್ತಿರ ಹೋಗಿ ಏನೋ ಹೇಳಿದಳು. ಅವನು ಹೂಂ ಎಂದ. ಅವಳು ತನ್ನ ಸಣ್ಣ ಲಾರಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿ, ದೋಣಿಯ ಪಕ್ಕೆಲುಬಿನಂಥ ಬಾಗು ಮರಗಳನ್ನು ಒಂದೊಂದಾಗಿ ಎಳೆದು ತುಂಬತೊಡಗಿದಳು. ಸದ್ದು ಕೇಳಿ ಅರ್ಗಿರಿಸ್ ತಿರುಗಿದ.

"ಏನ್ಮಾಡ್ತಿದೀಯೇ?"

"ಮರ ತಗೋತಿದೀನಿ ಅಣ್ಣ."

"ಹೆಣದ ಮೇಲೆ ಕೂತಿರೋ ಹದ್ದು ಕಣೇ ನೀನು," ಎಂದ. ದಡದಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ ಎಂದ. "ಹೆಣ ಬೆಚ್ಚಗಿದೆಯಾ ಇನ್ನೂ?"

ಮರೂಸೊ ಕೈ ನಿಲ್ಲಿಸಲಿಲ್ಲ.

ಅವತ್ತಿನಿಂದ ಅಣ್ಣ ತಂಗಿಗೆ ಮಾತು ಬಿಟ್ಟಿತು. ಎರಡು ಮನೆಗೂ ಒಂದೇ ಅಂಗಳ. ಭಾನುವಾರ ಎಲ್ಲರೂ ಅತ್ತೆಯ ಮೇಜಿನ ಸುತ್ತ ಕೂರಲೇಬೇಕು. ಮಾತಿಲ್ಲದೆ ನಡೆಯುವ ಸಂಸಾರವಲ್ಲ ಅದು, ಆದ್ದರಿಂದ ಅವರ ಮಾತೆಲ್ಲ ನನ್ನ ಮೂಲಕ ಹೋಗಿ ಬರತೊಡಗಿತು. "ಅವಳಿಗೆ ಹೇಳು, ಲಾರಿ ನನ್ನ ಬಾಗಿಲಿಗೆ ಅಡ್ಡ ಇದೆ." "ಅವನಿಗೆ ಹೇಳು ಅತ್ತಿಗೆ, ಬೀಗದ ಕೈ ಗಾಡಿಯಲ್ಲೇ ಇದೆ." ಇಬ್ಬರೂ ನನ್ನ ಎದುರೇ ಕೂತಿರುತ್ತಿದ್ದರು.

ಕಾರ್ಖಾನೆಯಲ್ಲಿ ಮರೂಸೊಳ ಕೆಲಸವೂ ಮುಂದೆ ಹೋಗುತ್ತಿರಲಿಲ್ಲ. ಮರ ಅವಳಿಗೆ ಹೊಸದು. ಮೊದಲ ಸಲ ಅವಳು ಆ ಪಕ್ಕೆಲುಬುಗಳನ್ನು ಎದುರು ಬದುರು ನಿಲ್ಲಿಸಿ ಮೊಳೆ ಹೊಡೆದು ಜೋಡಿಸಿದ್ದನ್ನು ನಾನು ನೋಡಿದೆ. ಚೆನ್ನಾಗಿಯೇ ಇತ್ತು. ಮಾರನೆಯ ವಾರ ಹೋದರೆ ಎಲ್ಲ ಬಿಚ್ಚಿ ನೆಲಕ್ಕೆ ಹಾಕಿದ್ದಳು.

"ಯಾಕೆ ಮರೂಸೊ? ಯಾರು ನೋಡಿದ್ರೂ ದೋಣಿ ಅಂತ ಗೊತ್ತಾಗ್ತಿತ್ತಲ್ಲ."

"ಅದೇ ತಪ್ಪು. ಅದು ನಿಜವಾದ ದೋಣಿ ಆಗಿತ್ತು. ಈಗ ಅದನ್ನ ದೋಣಿ ಥರ ಕಾಣೋ ಹಾಗೆ ಮಾಡಿದ್ರೆ ವೇಷ ಹಾಕಿಸಿದ ಹಾಗೆ. ಅಣ್ಣ ನೋಡಿದ್ರೆ ಉಗೀತಾನೆ. ಉಗೀಬೇಕಾದ್ದೇ." ಅವಳು ಸುಸ್ತಾಗಿ ಮರದ ರಾಶಿಯ ಮೇಲೆ ಕೂತಳು. "ನನಗೆ ಇದು ಗೊತ್ತೇ ಇಲ್ಲ ಅತ್ತಿಗೆ. ಕಲ್ಲು ಅಂದ್ರೆ ಯಾವ ಗುಡ್ಡದ್ದು, ಯಾವ ಪದರದ್ದು ಅಂತ ಗೊತ್ತಿರುತ್ತೆ. ಇದು ಎಲ್ಲೆಲ್ಲಿ ಹೋಗಿ ಬಂತು, ಎಲ್ಲಿ ಏಟು ತಿಂತು, ನನಗೇನು ಗೊತ್ತು?"

"ಗೊತ್ತಿರೋನು ಪಕ್ಕದ ಮನೆಯಲ್ಲೇ ಇದಾನಲ್ಲ."

"ಹದ್ದಿನ ಜೊತೆ ಮಾತಾಡ್ತಾನಾ?" ಎಂದಳು. ಆ ಮಾತು ಅವಳಿಗೆ ಎಷ್ಟು ಆಳಕ್ಕೆ ಇಳಿದಿತ್ತೆಂದು ನನಗೆ ಆಗ ತಿಳಿಯಿತು.

ಆ ಭಾನುವಾರ ಅತ್ತೆ ಮಣ್ಣಿನ ಪಾತ್ರೆಯಲ್ಲಿ ಕಡಲೆ ಬೇಯಿಸಿದ್ದರು. ಎಲ್ಲರೂ ಬಾಯಿ ಮುಚ್ಚಿಕೊಂಡು ತಿನ್ನುತ್ತಿದ್ದಾಗ ಮರೂಸೊ ಚಮಚ ಕೆಳಗಿಟ್ಟಳು.

"ಅತ್ತಿಗೆ, ಒಂದು ಪಕ್ಕೆಲುಬು ಉಳಿದವಕ್ಕಿಂತ ದಪ್ಪ ಇದೆ. ಬಣ್ಣಾನೂ ಬೇರೆ, ಒಳಗೆ ಹಳದಿ. ಯಾಕೆ ಅಂತ ಕೇಳು."

ನಾನು ಗಂಡನ ಮುಖ ನೋಡಿದೆ.

"ಅವಳಿಗೆ ಹೇಳು," ಎಂದ ಅವನು, ತಟ್ಟೆಯಿಂದ ತಲೆ ಎತ್ತದೆ, "ನಾನು ಕಡಲೆ ತಿನ್ನೋಕೆ ಕೂತಿದೀನಿ, ಪಾಠ ಹೇಳೋಕಲ್ಲ."

ಅತ್ತೆ ಸೌಟಿನಿಂದ ಮೇಜಿಗೆ ಬಡಿದರು. "ನಾನು ಹೆತ್ತಿದ್ದು ಮಕ್ಕಳನ್ನೋ, ಹೇಸರಗತ್ತೆಗಳನ್ನೋ? ಆ ದೋಣಿಯ ಹೆಸರಿನವಳು ಇನ್ನೂ ಬದುಕಿದಾಳೆ. ಅವಳು ಕೇಳ್ತಿದಾಳೆ. ಹೇಳೋ!"

ಅರ್ಗಿರಿಸ್ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸಿದ. ಬಹಳ ಹೊತ್ತು ಒರೆಸಿದ. ಆಮೇಲೆ ನನಗೆ ಹೇಳಿದ. "ಒಂದು ಆಗಸ್ಟಲ್ಲಿ ಬಡಗಾಳಿಗೆ ಸಿಕ್ಕಿ ಬಂಡೆಗೆ ಬಡಿದಿತ್ತು. ನಮ್ಮ ಮದುವೆಗೂ ಮುಂಚೆ. ಒಂದು ಪಕ್ಕೆಲುಬು ಸೀಳಿಹೋಯ್ತು. ದೋಣಿಗೆ ಆಗೋ ಪೈನ್ ಮರ ಎಲ್ಲೂ ಸಿಗ್ಲಿಲ್ಲ. ಆ ಬಾಗು ಇರೋ ಮರಾನೇ ಬೇಕಲ್ಲ. ಬಡಗಿ ಕೈಚೆಲ್ಲಿದ. ಆಗ ಒಂದು ಬೆಳಗ್ಗೆ ಅಪ್ಪ ಕತ್ತೆ ಮೇಲೆ ಹೇರ್ಕೊಂಡು ಬಂದ್ರು. ಹಿತ್ತಲ ಹಿಪ್ಪುನೇರಳೆ. ಕಡಿದು, ಒರಟಾಗಿ ಕೆತ್ತಿ, ಅಳತೆಗೆ ಸರಿಯಾಗಿ ಮಾಡ್ಕೊಂಡು ತಂದಿದ್ರು. ದಡದಲ್ಲಿ ಇಳಿಸಿ, ನನ್ನ ಮುಖಾನೂ ನೋಡದೆ ವಾಪಸ್ ಹೋದ್ರು."

 "ಗಾಳಿಗೆ ಬಿತ್ತು ಅಂದಿದ್ರು," ಎಂದಳು ಮರೂಸೊ ಸಣ್ಣ ದನಿಯಲ್ಲಿ. "ನಾನು ಅಥೆನ್ಸಿಂದ ರಜಕ್ಕೆ ಬಂದಾಗ ಆ ಮರ ಇರ್ಲಿಲ್ಲ. ನಾನು ಅತ್ತಿದ್ದೆ. ಅದರ ಕೆಳಗೇ ಅಲ್ವಾ ಅಪ್ಪ ನನಗೆ ಉಳಿ ಹಿಡಿಯೋದು ಕಲಿಸಿದ್ದು. ಗಾಳಿಗೆ ಬಿತ್ತು ಮಗಳೇ ಅಂದಿದ್ರು."

"ನನಗೂ ಗಾಳಿ ಅಂತಲೇ ಹೇಳಿದ್ದು ಆ ಮುದುಕ," ಎಂದರು ಅತ್ತೆ. ಸೌಟು ಇನ್ನೂ ಕೈಯಲ್ಲೇ ಇತ್ತು. "ಆ ವಾರ ಎಲೆ ಅಲ್ಲಾಡೋಷ್ಟು ಗಾಳೀನೂ ಇರ್ಲಿಲ್ಲ. ನಾನು ಬಾಯಿ ಬಿಡ್ಲಿಲ್ಲ."

ಮಗನಿಗೆ ಮರ ಕೊಟ್ಟದ್ದನ್ನು ಮಾವ ಮಗಳಿಂದ ಮುಚ್ಚಿಟ್ಟಿದ್ದರು, ಅದು ಮಗಳ ಮೆಚ್ಚಿನ ಮರವೆಂಬುದನ್ನು ಮಗನಿಗೂ ಹೇಳಿರಲಿಲ್ಲ. ಮಾವ ಎಂಥ ಮನುಷ್ಯ ಎಂದು ನಾನು ಅವರ ಜೊತೆ ಬದುಕಿದಾಗ ತಿಳಿಯಲಿಲ್ಲ. ಅವತ್ತು ಕಡಲೆಯ ಪಾತ್ರೆಯ ಮುಂದೆ ಸ್ವಲ್ಪ ತಿಳಿಯಿತು. ಅಣ್ಣ ತಂಗಿ ಆಮೇಲೂ ನೇರವಾಗಿ ಮಾತಾಡಲಿಲ್ಲ. ಆದರೆ ಭಾನುವಾರಗಳು ಬದಲಾದವು. ಅವಳು ನನ್ನನ್ನು ಕೇಳುವಳು, ಅವನು ನನಗೆ ಹೇಳುವನು. ಈ ಕೆಂಪು ಕಲೆ ಯಾವುದು, ಈ ತೂತು ಯಾಕೆ, ಈ ಅಂಚು ಯಾಕಿಷ್ಟು ನುಣುಪು. ನುಣುಪಾದದ್ದು ಅವನ ಸೊಂಟ ಒರಗಿ ಒರಗಿ. ಬಲೆ ಎಳೆಯುವಾಗ ಅಲ್ಲಿಯೇ ಒರಗುತ್ತಿದ್ದನಂತೆ. ನನ್ನ ಗಂಡ ಇಷ್ಟೊಂದು ಮಾತಾಡಬಲ್ಲ ಎಂದು ನನಗೇ ಗೊತ್ತಿರಲಿಲ್ಲ.

ಮರೂಸೊ ಗಣಿಗೆ ಹೋಗಿ ಒಂದು ಬಿಳಿ ಬಂಡೆ ಆರಿಸಿ ತಂದಳು. ಅದರ ಹೊಟ್ಟೆಯನ್ನು ಒಳಗಿನಿಂದ ತೋಡಿದಳು. ಪೈನ್ ಪಕ್ಕೆಲುಬುಗಳನ್ನು ಒಂದೇ ಕಡೆಗೆ ಬಾಗುವಂತೆ ಒತ್ತಾಗಿ ಸೇರಿಸಿ, ಕಲ್ಲಿನ ಆ ಟೊಳ್ಳಿನಲ್ಲಿ ನಿಲ್ಲಿಸುವುದೆಂದು ಲೆಕ್ಕ ಹಾಕಿದಳು. ಹಿಪ್ಪುನೇರಳೆಯದು ಮಾತ್ರ ಎದುರು ದಿಕ್ಕಿಗೆ ಬಾಗಿ ಅವೆಲ್ಲವನ್ನೂ ತಡೆದು ಹಿಡಿಯಬೇಕು. ಜೆಸಿಬಿ ಮುರಿದ ತುದಿಗಳನ್ನು ಅವಳು ಮುಟ್ಟಲಿಲ್ಲ. ಅವು ಮುರಿದ ಹಾಗೆಯೇ ಮೇಲಕ್ಕೆ ಚಾಚಿಕೊಂಡಿರಬೇಕು.

ಜೋಡಿಸಿದ ಮರಗಳನ್ನು ಎಬ್ಬಿಸಿ ನಿಲ್ಲಿಸುವ ದಿನ ಕಾಫಿ ಅಂಗಡಿಯ ಮನೋಲಿಸನೂ ಇನ್ನಿಬ್ಬರೂ ಸಹಾಯಕ್ಕೆ ಬಂದಿದ್ದರು. ಹಗ್ಗ ಕಟ್ಟಿ ಎಳೆದರು. ಅರ್ಧ ಎದ್ದದ್ದು ಒಂದು ಕಡೆ ವಾಲತೊಡಗಿತು. ಮರೂಸೊ ಓಡಿಹೋಗಿ ಅದರ ಕೆಳಗೆ ಹೆಗಲು ಕೊಟ್ಟಳು.

"ಬಿಡೇ, ಆಚೆ ಬಾ! ಸಾಯ್ತೀಯ!" ಎಂದು ಮನೋಲಿಸ್ ಅರಚಿದ. ಅವಳು ಬಿಡಲಿಲ್ಲ. ನಾನು ಗಂಡನನ್ನು ಕರೆಯಲು ಅಂಗಳ ದಾಟಿ ಮನೆಗೆ ಓಡಿದೆ. ನಾನು ಬಾಯಿ ತೆರೆಯುವ ಮೊದಲೇ ಅರ್ಗಿರಿಸ್ ಎದ್ದಿದ್ದ. ಸವೆದ ಮಂಡಿಯವನು ಹಾಗೆ ಓಡಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಕಾರ್ಖಾನೆಯ ಒಳಗೆ ಹೋದವನೇ ಹಗ್ಗದ ತುದಿಯನ್ನು ಕಂಬಕ್ಕೆ ಸುತ್ತಿ ಬಿಗಿದ. ವಾಲುವುದು ನಿಂತಿತು.

"ಮರೂಸೊ," ಎಂದ. ನೇರವಾಗಿ, ನನ್ನ ಮೂಲಕ ಅಲ್ಲ. "ನಿಧಾನ ಹೊರಗೆ ಬಾ. ನಾನು ಹಿಡಿದಿದೀನಿ."

ಅವಳು ಹೊರಗೆ ಬಂದಳು. ಹೆಗಲಿನ ಚರ್ಮ ಕಿತ್ತಿತ್ತು. ಅವನು ಮನೆಯಿಂದ ದೋಣಿಯ ಹಳೆಯ ರಾಟೆಗಳನ್ನು ತರಿಸಿ, ತೊಲೆಗೆ ಕಟ್ಟಿ, ದೋಣಿಯನ್ನು ದಡಕ್ಕೆ ಎಳೆಯುವ ಹಾಗೆ ಅದನ್ನು ಇಂಚಿಂಚೇ ಎತ್ತಿಸಿ ಕಲ್ಲಿನೊಳಗೆ ಇಳಿಸಿದ. ಮರ ಕಲ್ಲಿನಲ್ಲಿ ಕೂತಾಗ ಒಂದು ಸಣ್ಣ ಸದ್ದಾಯಿತು. ಎಲ್ಲರೂ ಹಿಂದೆ ಸರಿದು ನಿಂತರು.

ದೋಣಿ ಎಂದು ಯಾರೂ ಹೇಳುತ್ತಿರಲಿಲ್ಲ. ಗಾಳಿಗೆ ಬಾಗಿದ್ದೇನೋ ಹೌದು, ಒರಗಿಕೊಂಡಿದ್ದೂ ಹೌದು. ಬೀಳುತ್ತಿದೆಯೋ ಏಳುತ್ತಿದೆಯೋ ಎಂದು ಮಾತ್ರ ನನಗೆ ತೀರ್ಮಾನಿಸಲು ಆಗಲಿಲ್ಲ. ಅರ್ಗಿರಿಸ್ ಸುತ್ತ ಒಂದು ಸಲ ಬಂದ. ನುಣುಪಾದ ಅಂಚಿನ ಹತ್ತಿರ ನಿಂತ. ಅವಳು ಅದನ್ನು ಸರಿಯಾಗಿ ಸೊಂಟದ ಎತ್ತರಕ್ಕೆ ಇಟ್ಟಿದ್ದಳು. ಅವನು ಒರಗಲಿಲ್ಲ, ಅಂಗೈ ಮಾತ್ರ ಇಟ್ಟ.

"ಒಣಗಿಹೋಗಿದೆ," ಎಂದ. "ಅಗಸೆ ಎಣ್ಣೆ ಕುಡಿಸ್ಬೇಕು. ಇಲ್ದಿದ್ರೆ ಸೀಳುತ್ತೆ."

"ಎಣ್ಣೆ ಕಲ್ಲಿಗೆ ಇಳಿದ್ರೆ..." ಎಂದು ಮರೂಸೊ ಶುರುಮಾಡಿದಳು.

"ಇಳಿಯದ ಹಾಗೆ ಹಚ್ತೀನಿ ಬಿಡೇ. ಏನು, ನಿನ್ನ ಕಲ್ಲನ್ನ ತಿಂದ್ಬಿಡ್ತೀನಾ?"

ಹದ್ದು ಎಂದದ್ದಕ್ಕೆ ಅವನು ಕ್ಷಮೆ ಕೇಳಲಿಲ್ಲ. ನಮ್ಮ ಮನೆಯ ಗಂಡಸರಿಗೆ ಆ ಪದ ಬರುವುದಿಲ್ಲ. ಮರುದಿನದಿಂದ ಬೆಳಗ್ಗೆ ಬೆಳಗ್ಗೆ ಒಂದು ಬಟ್ಟೆ, ಎಣ್ಣೆಯ ಡಬ್ಬಿ ಹಿಡಿದು ಕಾರ್ಖಾನೆಗೆ ಹೋಗತೊಡಗಿದ.

ಎರಡು ವರ್ಷದ ಮೇಲೆ ಅಥೆನ್ಸಿನ ಒಂದು ಕಲಾ ಸಂಗ್ರಹಾಲಯದವರು ಬಂದು ಅದನ್ನು ಕೊಳ್ಳುತ್ತೇವೆಂದರು. ಮರೂಸೊ ಹೂಂ ಎಂದಳು. ಮನೆಯಲ್ಲಿ ಗುಡುಗು.

"ನನ್ನನ್ನ ಮಾರ್ತೀಯೇನೇ?" ಎಂದರು ಅತ್ತೆ. "ಅದೂ ಅಥೆನ್ಸಿಗೆ? ಅಲ್ಲಿ ನೀರೂ ಸರಿಯಿಲ್ಲ!"

ಅರ್ಗಿರಿಸ್ ಕೈಯಲ್ಲಿದ್ದ ಎಣ್ಣೆಯ ಬಟ್ಟೆಯನ್ನು ಕೆಳಗಿಟ್ಟ. "ಇದನ್ನೂ ಕಳಿಸ್ತೀಯಾ ಮರೂಸೊ?"

"ಅಣ್ಣ, ದಡದಲ್ಲಿ ಕಟ್ಟಿಹಾಕೋಕೆ ಅಂತ ಯಾರಾದ್ರೂ ದೋಣಿ ಇಟ್ಕೋತಾರಾ?" ಎಂದಳು ಅವಳು. "ನಾನು ಮಾಡೋದು ಇಟ್ಕೊಳ್ಳೋಕಲ್ಲ. ಕಳಿಸುವಾಗ ನನಗೂ ಸಂಕಟ ಆಗುತ್ತೆ. ಪ್ರತಿ ಸಲ ಆಗುತ್ತೆ."

ಅವನು ಹಡಗಿಗೆ ತುಂಬುವಾಗ ಹಗ್ಗಗಳನ್ನು ತಾನೇ ಕಟ್ಟಿದ, ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಹಡಗು ಬಂದರು ಬಿಟ್ಟು ಕಾಣದಾಗುವವರೆಗೂ ನಿಂತಿದ್ದ. ಮುಂದೆ ಮಂಡಿಯ ಶಸ್ತ್ರಚಿಕಿತ್ಸೆಗೆ ಅಥೆನ್ಸಿಗೆ ಹೋದವನು ಊರುಗೋಲಿನಲ್ಲೇ ಅದನ್ನು ನೋಡಲು ಹೋಗಿದ್ದ. ಅಲ್ಲಿ ಒಬ್ಬ ಹೆಂಗಸು ಅದರ ಮುಂದೆ ಬಹಳ ಹೊತ್ತು ನಿಂತಿದ್ದಳಂತೆ. "ಮುಟ್ಟಿ ನೋಡಮ್ಮ, ಏನೂ ಆಗಲ್ಲ ಅಂದೆ," ಎಂದು ಮನೆಗೆ ಬಂದು ಹೇಳಿದ. "ಕಾವಲಿನವನು ಓಡಿಬಂದು ಇಬ್ಬರಿಗೂ ಬೈದ."

ಆ ಹೊತ್ತಿಗೆ ಅದೇ ಯೋಜನೆಯಲ್ಲಿ ದ್ವೀಪದ ಇನ್ನೂ ಕೆಲವು ದೋಣಿಗಳನ್ನು ಒಡೆಸಿದ್ದರು. ಒಂದು ಶರತ್ಕಾಲದ ಮಧ್ಯಾಹ್ನ ಪಾಂಡೆಲಿಸ್ ಎಂಬ ಮುದಿ ಮೀನುಗಾರ ಹೆಗಲ ಮೇಲೆ ಒಂದು ಚುಕ್ಕಾಣಿ ಹೊತ್ತು ನಮ್ಮ ಅಂಗಳಕ್ಕೆ ಬಂದ. ಗೋಡೆಗೆ ಒರಗಿಸಿ ನಿಲ್ಲಿಸಿ, ಬೆವರು ಒರೆಸಿಕೊಂಡ.

"ಇಷ್ಟೇ ಉಳಿದದ್ದು. ಏನಾದ್ರೂ ಮಾಡು ತಾಯಿ."

ಮರೂಸೊ ಅದನ್ನು ತಿರುಗಿಸಿ ನೋಡಿದಳು. "ಮಾಡ್ತೀನಿ ಅಂತ ಮಾತು ಕೊಡಲ್ಲ ಪಾಂಡೆಲಿಸಣ್ಣ. ನಿನ್ನ ದೋಣಿ ನನಗೆ ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಹೇಳ್ತೀನಿ. ಕಾಫಿ ಇಡು."

ನಾನು ಒಲೆ ಹಚ್ಚಿದೆ. ಅರ್ಗಿರಿಸ್ ಕುರ್ಚಿ ತಂದ. ಮುದುಕ ಕತ್ತಲಾಗುವವರೆಗೂ ಹೇಳಿದ. ಮರೂಸೊ ಮಂಡಿಯ ಮೇಲೆ ಚುಕ್ಕಾಣಿ ಇಟ್ಟುಕೊಂಡು, ಹೆಬ್ಬೆರಳಿನಿಂದ ಅದರ ಎಳೆಗಳನ್ನು ಸವರುತ್ತ ಕೇಳಿದಳು. ಅವನಾದ ಮೇಲೆ ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಕೆಲವರ ಮರ ಕೆಲಸಕ್ಕೆ ಬಂತು. ಅದಕ್ಕೆ ಅವಳು ಕಬ್ಬಿಣ ಸೇರಿಸಿದಳು, ಇಲ್ಲವೆ ಹಗ್ಗ, ಒಂದಕ್ಕೆ ಬರೀ ಸುಣ್ಣ. ಪಾಂಡೆಲಿಸನದು ಮಾತ್ರ ಎಷ್ಟು ಒದ್ದಾಡಿದರೂ ಆಗಲಿಲ್ಲ. ಕೊನೆಗೆ ಅವಳೇ ಅವನ ಮನೆಗೆ ಹೋಗಿ, "ನನ್ನ ಕೈಯಲ್ಲಿ ಆಗ್ಲಿಲ್ಲ ಅಣ್ಣ, ವಾಪಸ್ ತಗೋ," ಎಂದಳು. ಅವನು ಬೇಡವೆಂದ. ಅವಳ ಗೋಡೆಗೆ ಒರಗಿಕೊಂಡೇ ಇರಲಿ, ತಾನು ಆಗಾಗ ಬಂದು ನೋಡಿಕೊಂಡು ಹೋಗುತ್ತೇನೆ ಎಂದ. ಗುರುವಾರ ಸಂತೆಗೆಂದು ಬಂದಾಗಲೆಲ್ಲ ಬರುತ್ತಾನೆ, ಕಾಫಿ ಕುಡಿಯುತ್ತಾನೆ, ಕಳೆದ ವಾರ ಹೇಳಲು ಮರೆತದ್ದೇನಾದರೂ ಇದ್ದರೆ ಹೇಳುತ್ತಾನೆ.